ಟಿಶ್ಯೂ ಪೊಟ್ಟಣದ ಒಡೆಯರು

ಗೆಳತಿ ರಶ್ಮಿಯ ಮಾವ ಕೆನಡಾದ ಪ್ರೇರಿ ಬಯಲಿನ ಗೋಧಿ ರೈತರು. ನಾಳೆ ಕೊಯ್ಲಿಗೆ ಹಿಂದಿರುಗುವ ಮುನ್ನ ಮಗ, ಸೊಸೆ, ಮೊಮ್ಮಗಳೊಡನೆ ಒಂದೇ ಮೇಜಿನಲ್ಲಿ ಉಣ್ಣಬೇಕೆಂಬುದು ಅವರ ಹಟ. ನಾವಿರುವ ಬೆಡೋಕ್‌ನ, ಸಾಲು ಊಟದಂಗಡಿಗಳ ಕಿಕ್ಕಿರಿದ ಹಾಕರ್ ಸೆಂಟರ್‌ನಲ್ಲಿ ರಶ್ಮಿ, ಇಲ್ಲಿನ ವಾಡಿಕೆಯಂತೆ, ಖಾಲಿ ಮೇಜಿನ ಮೇಲೆ ಟಿಶ್ಯೂ ಪೊಟ್ಟಣವಿಟ್ಟು ಜಾಗ ಕಾದಿರಿಸಿದಳು. ನಾವು ಊಟ ತರುವಷ್ಟರಲ್ಲಿ, ಅವಳು ಇಟ್ಟದ್ದನ್ನು ನೋಡಿರದ ಮಾವ, ಯಾರೋ ಮರೆತರೆಂದು ಅದನ್ನೆತ್ತಿಕೊಂಡು ಒಡೆಯರನ್ನು ಹುಡುಕುತ್ತಿದ್ದರು. ಮೇಜಿನಲ್ಲಿ ಅಪರಿಚಿತ ಅಜ್ಜಿಯೊಬ್ಬರು ಕುಳಿತಿದ್ದರು.

“ನಮ್ ಟೇಬಲ್‌ನ ನಾವೇ ಕ್ಯಾನ್ಸಲ್ ಮಾಡ್ಕೊಂಡ್ವಲ್ಲೇ!” ರಶ್ಮಿ ನಕ್ಕಳು.

“ಪಬ್ಲಿಕ್ ಟೇಬಲ್‌ಗೆ ಟಿಶ್ಯೂನ ಹಕ್ಕುಪತ್ರ ಮಾಡಿದ್ದು ಯಾರು? ಉತ್ತರ ಬೇಕು ನಂಗೆ!” ಎಂದೆ.

“ಆಂಟಿ, ಫಸ್ಟ್ ಊಟ ಲಾ!” ಎಂದಳು ಮೊಮ್ಮಗಳು, ಇಲ್ಲಿಯವರಂತೆ ಮಾತಿನ ಕೊನೆಗೊಂದು ‘ಲಾ’ ಸೇರಿಸಿ.

ಮಾವ ಅಜ್ಜಿಯನ್ನೂ ಕೇಳಿದರು: “ಇದು ನಿಮ್ಮದೇ?” ಅಜ್ಜಿ ನಗುತ್ತ ಸರಿದು ಎಲ್ಲರಿಗೂ ಜಾಗ ಮಾಡಿದರು. ಮೆಣಸಿನ ಖಾರಕ್ಕೆ ಎಲ್ಲರ ಮೂಗೂ ಸೋರಿದಾಗ ಆ ಪೊಟ್ಟಣಕ್ಕೆ ಮೇಜಿನ ತುಂಬ ಒಡೆಯರು ಸಿಕ್ಕರು.