ಮೊಣಕೈಗೆ ಹಚ್ಚಿದ ಎಣ್ಣೆ

ನಿನ್ನೆ ಇಂಡಿಯನ್ ಗ್ರೋಸರಿಯಲ್ಲಿ ಯಾರೋ ಅಜ್ಜಿ ಮಹಾನಾರಾಯಣ ತೈಲದ ಬಾಟಲಿಯ ಮುಚ್ಚಳ ತೆಗೆದು ಮೂಸಿ ನೋಡಿದರು. ಅಷ್ಟೇ. ಆ ಎಳ್ಳೆಣ್ಣೆ, ಕರ್ಪೂರದ ಘಾಟು ಮೂಗಿಗೆ ಬಡಿದದ್ದೇ ತಡ, ಬೇಳೆಯ ಚೀಲವನ್ನು ಅಲ್ಲೇ ಇಟ್ಟು ಹೊರಗೆ ಬಂದುಬಿಟ್ಟೆ. ಕಾರಿನಲ್ಲಿ ಕೂತು ಬಾಗಿಲು ಹಾಕಿಕೊಂಡೆ.

ಓಕ್ಲ್ಯಾಂಡಿನ ಹಳೇ ಅಪಾರ್ಟ್‌ಮೆಂಟಿನಲ್ಲಿ ವರ್ಷಗಳ ಹಿಂದೆ ನಮ್ಮ ಕೆಳಗಿನ ಮನೆಯಲ್ಲಿದ್ದ ಹುಡುಗ, ಆ ವಾಸನೆ ನೆನಪಿಗೆ ತಂದವನು. ಹುಬ್ಬಳ್ಳಿಯ ಮುಸ್ಲಿಂ ಕುಟುಂಬ. ಮನೆಯಲ್ಲಿ ತಾಯಿ, ಮಗ ಇಬ್ಬರೇ. ತಾಯಿಗೆ ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ. ಇವನು ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದ, ಶಾಲೆಯ ಬೇಸ್‌ಬಾಲ್ ತಂಡದ ಪಿಚರ್, ಅಂದರೆ ಚೆಂಡೆಸೆಯುವವನು. ಅವನ ಚೆಂಡು ನೇರ ಬಂದು, ಬ್ಯಾಟಿನ ಹತ್ತಿರ ಮೆಟ್ಟಿಲಿಳಿದಂತೆ ಕೆಳಗಿಳಿಯುತ್ತಿತ್ತು. ಆದರೆ ವೇಗ ಕಡಿಮೆ. ಕಾಲೇಜುಗಳಿಂದ ಬಂದವರು ವೇಗ ಅಳೆಯುವ ಗನ್ನು ಹಿಡಿದು ಕ್ಯುಪರ್ಟಿನೋ ಕಡೆಯ ಶ್ರೀಮಂತ ಶಾಲೆಗಳ ಹುಡುಗರ ಮುಂದೆ ನಿಲ್ಲುತ್ತಿದ್ದರು. ಇವನ ಸರದಿ ಬಂದಾಗ ಕಾಫಿ ಕುಡಿಯಲು ಹೋಗುತ್ತಿದ್ದರು.

ಅದನ್ನು ನೋಡಿ ನನಗೆ ಸಿಟ್ಟು ಬರುತ್ತಿತ್ತು. ನಾನೂ ಒಂದು ಕಾಲದಲ್ಲಿ ಮೈಸೂರಿನ ಕಾಲೇಜಿಗೆ ಲೆಗ್‌ಸ್ಪಿನ್ ಹಾಕಿದವನೇ. ಯೂನಿವರ್ಸಿಟಿ ತಂಡದ ಪಟ್ಟಿಯಲ್ಲಿ ಮೂರು ವರ್ಷವೂ ನನ್ನ ಹೆಸರು ಬರಲಿಲ್ಲ. ಆ ಸಿಟ್ಟು ರೆಡ್‌ವುಡ್ ಸಿಟಿಯ ಆಫೀಸಿನಲ್ಲಿ ಕೂತು ಕೂತು ಆರಿಹೋಗಿದೆ ಎಂದುಕೊಂಡಿದ್ದೆ. ಆರಿರಲಿಲ್ಲ.

ಆ ಚಳಿಗಾಲದಲ್ಲಿ ಒಂದು ಸಣ್ಣ ಕಾಲೇಜಿನಿಂದ ಅವನಿಗೆ ಇಮೇಲು ಬಂತು. ಸೀಸನ್ನಿನ ಮೊದಲ ಪಂದ್ಯಕ್ಕೆ ಬಂದು ನೋಡುತ್ತೇವೆ, ಮೆಚ್ಚಿಗೆಯಾದರೆ ಸ್ಕಾಲರ್‌ಶಿಪ್ಪು ಕೊಡುತ್ತೇವೆ ಎಂದು. ಅದಿಲ್ಲದೆ ಅವನು ಕಾಲೇಜಿಗೆ ಹೋಗುವಂತಿರಲಿಲ್ಲ. ನಾವಿಬ್ಬರೂ ಸೀಸನ್ನಿಗೆ ದಿನ ಎಣಿಸತೊಡಗಿದೆವು. ನಾನಂತೂ ಮೀಟಿಂಗಿನಲ್ಲೂ ಎಣಿಸುತ್ತಿದ್ದೆ.

ಶಾಲೆಯ ಕೋಚು ಮಾತ್ರ ಕೈಗೆ ವಿಶ್ರಾಂತಿ ಕೊಡು, ವಾರಕ್ಕೆ ಇಷ್ಟೇ ಎಸೆತ ಎಂದು ಚೀಟಿ ಬರೆದುಕೊಟ್ಟಿದ್ದರು. ಅದನ್ನು ನೋಡಿ ನಾನು ನಕ್ಕೆ. ಬೆಳಗಿನಿಂದ ಸಂಜೆವರೆಗೆ ನೆಟ್ಸಿನಲ್ಲಿ ಬೌಲಿಂಗ್ ಹಾಕಿದ ಗಂಡು ನಾನು! "ಸುಮ್ನೆ ಕೂತ್ರೆ ಕೈ ತುಕ್ಕು ಹಿಡಿಯುತ್ತೆ ಕಣೋ" ಅಂದೆ. ಸ್ಪಿನ್ನರನ ತೋಳು ಬೇರೆ, ಪಿಚರನ ಮೊಣಕೈ ಬೇರೆ ಎಂದು ಕೇಳಿ ತಿಳಿಯುವ ತಾಳ್ಮೆ ನನಗಿರಲಿಲ್ಲ. ಪ್ರತಿ ಸಂಜೆ ಪಾರ್ಕಿಂಗ್ ಜಾಗದಲ್ಲಿ ಅವನು ಎಸೆದ, ನಾನು ಹಿಡಿದೆ.

ಜನವರಿಯಲ್ಲಿ ಒಂದು ದಿನ ಮೊಣಕೈ ಒತ್ತಿ ಹಿಡಿದು, "ಅಂಕಲ್, ಇಟ್ ಕೈಂಡಾ ಹರ್ಟ್ಸ್ ಹಿಯರ್" ಅಂದ.

"ನೋವಾದ್ರೇನೇ ಕೈ ಹದಕ್ಕೆ ಬರೋದು. ಕೋಚಿಗೆ ಹೇಳ್ಬೇಡ, ಆಡೋಕೆ ಬಿಡಲ್ಲ ಆಮೇಲೆ."

"ಓಕೆ, ಅಂಕಲ್."

ಮೇಲೆ ನಮ್ಮ ಮನೆಗೆ ಕರೆದುಕೊಂಡು ಹೋಗಿ, ತೈಲ ಬಿಸಿ ಮಾಡಿ, ನಾನೇ ಉಜ್ಜಿದೆ. ಒಂದು ದಿನವಲ್ಲ, ಮೂರು ವಾರ. ಉಜ್ಜುವಾಗ ಅವನು ತುಟಿ ಕಚ್ಚಿಕೊಳ್ಳುತ್ತಿದ್ದ. ಕೋತಿ ತಾನು ಕೆಡುವುದಲ್ಲದೆ ವನವನ್ನೆಲ್ಲ ಕೆಡಿಸಿತಂತೆ...

ಪಂದ್ಯದ ದಿನ ಮೊದಲಿನ ಇಬ್ಬರು ಅವನ ಚೆಂಡು ಮುಟ್ಟಲೂ ಆಗದೆ ಔಟಾದರು. ಕಾಲೇಜಿನವರು ಮುಂದಕ್ಕೆ ಬಾಗಿ ಏನೋ ಬರೆದುಕೊಂಡರು. ನನ್ನ ಎದೆ ಉಬ್ಬಿತು. ಮೂರನೆಯವನಿಗೆ ಎಸೆದ ಚೆಂಡು ಎಲ್ಲೋ ಮೇಲಕ್ಕೆ ಹಾರಿ ಬೇಲಿಗೆ ಬಿತ್ತು. ಅವನು ಕೈಯನ್ನು ಎದೆಗೊತ್ತಿಕೊಂಡು ಅಲ್ಲೇ ಮಂಡಿಯೂರಿದ.

ಮೊಣಕೈಯ ಎಲುಬುಗಳನ್ನು ಹಿಡಿದಿಡುವ ಲಿಗಮೆಂಟು ಪೂರ್ತಿ ಹರಿದಿದೆ, ವಾರಗಳಿಂದ ಸ್ವಲ್ಪ ಸ್ವಲ್ಪವೇ ಹರಿಯುತ್ತಿದ್ದಿರಬೇಕು ಎಂದರು ಡಾಕ್ಟರು. ತಾಯಿ ಅಳುತ್ತಾ, "ಯಾರಿಗೂ ಹೇಳಲಿಲ್ಲೇನೋ?" ಎಂದು ಕೇಳಿದರು. ನಾನು ಬಾಗಿಲ ಬಳಿಯೇ ನಿಂತಿದ್ದೆ. ಅವನು ನನ್ನನ್ನು ಒಮ್ಮೆ ನೋಡಿದ. "ನೋ, ಅಮ್ಮಿ. ನೋಬಡಿ ನ್ಯೂ." ಆಗಲಾದರೂ ನಾನು ಬಾಯಿ ಬಿಡಬಹುದಿತ್ತು.

ಆಪರೇಷನ್ ಆಯಿತು, ಕೈ ಮೊದಲಿನಂತೆ ಆಗಲಿಲ್ಲ. ಕಾಲೇಜಿನಿಂದ ಮತ್ತೆ ಇಮೇಲು ಬರಲಿಲ್ಲ. ಬಾಡಿಗೆ ಏರಿದ ಮೇಲೆ ಅವರು ದೂರದ ಊರಿಗೆ ಮನೆ ಬದಲಾಯಿಸಿದರು. ನಾನು ಫೋನು ಮಾಡುವುದನ್ನೇ ಬಿಟ್ಟೆ.

ನಿನ್ನೆ ಕಾರಿನಲ್ಲಿ ಕೂತೇ ಆ ತಾಯಿಗೆ ಫೋನು ಮಾಡಿದೆ. ಈಗಲಾದರೂ ಎಲ್ಲಾ ಹೇಳಿಬಿಡಬೇಕೆಂದು. ಅವರಿಗೆ ಎಷ್ಟು ಸಂತೋಷವಾಯಿತೆಂದರೆ ನನಗೆ ಮಾತಿಗೇ ಎಡೆ ಸಿಗಲಿಲ್ಲ. ಮಗ ವ್ಯಾನಿನಲ್ಲಿ ಮನೆಮನೆಗೆ ಪಾರ್ಸೆಲ್ಲು ಹಾಕುತ್ತಾನಂತೆ. ಭಾರದ ಪೆಟ್ಟಿಗೆಗಳನ್ನು ಎಡಗೈಯಲ್ಲೇ ಎತ್ತುತ್ತಾನಂತೆ.

"ಅಂವಾ ಈಗೂ ಅಂತಾನ್ರಿ, ನನ್ನ ಆಟಾ ನಂಬಿದವ್ರು ಅಂಕಲ್ ಒಬ್ರ ಅಂತ" ಎಂದರು. "ನಿಮ್ಮ ಉಪಕಾರ ನಾವು ಮರಿಯೂದಿಲ್ರಿ, ಅಣ್ಣಾರ. ಏನ್ ವಿಷ್ಯಾ, ಇಷ್ಟ ವರ್ಷದ ಮ್ಯಾಲೆ?"

"ಏನಿಲ್ಲ, ಬೇಸ್‌ಬಾಲ್ ಸೀಸನ್ನು ಶುರುವಾಗ್ತಿದೆಯಲ್ಲ, ನೆನಪಾಯ್ತು" ಅಂದೆ.

"ಹೌದೇನ್ರಿ?" ಎಂದರು ಅವರು. "ನಮ್ಮ ಮನ್ಯಾಗ ಈಗ ಯಾರೂ ಅದನ್ನ ನೋಡೂದಿಲ್ರಿ."