ನನ್ನ ತಮ್ಮ ಲೈಮನ್ ಕೆಡಿಸಿದ ಚಿತ್ರ

ಗಂಡ ಬೇಡವೆಂದು ಹೆಂಡತಿ ಅವನ ಬಟ್ಟೆಬರೆ ತೆಗೆದು ಬಾಗಿಲಾಚೆ ಇಟ್ಟರೆ ನಮ್ಮ ಹೋಪಿ ಬುಡಕಟ್ಟಿನ ಗಂಡಸರಿಗೆ ಉಳಿಯುವುದು ಅಕ್ಕತಂಗಿಯರ ಮನೆ. ಮನೆ ಹೆಂಗಸಿನದು, ಅದರಲ್ಲಿ ಎರಡು ಮಾತಿಲ್ಲ. ಹಾಗೆ ನನ್ನ ತಮ್ಮ ಲೈಮನ್ ನಲವತ್ತನೇ ವಯಸ್ಸಿನಲ್ಲಿ ಒಂದು ಹಾಸಿಗೆ ಸುರುಳಿ, ಒಂದು ಹಲಗೆ, ಬಣ್ಣದ ಡಬ್ಬಿಗಳಿದ್ದ ರಟ್ಟಿನ ಪೆಟ್ಟಿಗೆ ಹೊತ್ತುಕೊಂಡು ಬೆಟ್ಟದ ಮೇಲಿನ ನನ್ನ ಮನೆಗೆ ಬಂದ. ಬಂದವನು ಮತ್ತೆ ಹೋಗಲಿಲ್ಲ. ಇಪ್ಪತ್ತೆರಡು ವರ್ಷ ಅವನಿಗೆ ಬೇಯಿಸಿ ಹಾಕಿದ್ದೇನೆ. ಅವನ ಬಗ್ಗೆ ಮಾತಾಡುವ ಹಕ್ಕು ನನಗಿಂತ ಹೆಚ್ಚಾಗಿ ಯಾರಿಗೂ ಇಲ್ಲ.

ಅವನು ಬರೆಯುತ್ತಿದ್ದದ್ದು ಕಚೀನಗಳನ್ನು ಮಾತ್ರ. ಚಳಿಗಾಲದಲ್ಲಿ ಹಿಮದ ಶಿಖರಗಳಿಂದ ಇಳಿದು ನಮ್ಮೂರ ಅಂಗಳದಲ್ಲಿ ಕುಣಿದು, ಮೋಡ ಕರೆದು, ಜುಲೈನಲ್ಲಿ ಮನೆಗೆ ಹಿಂದಿರುಗುವ, ದೇವತೆಗಳಂಥ ಆ ದೊಡ್ಡವರನ್ನು. ಗರಿ ಎಷ್ಟು, ಯಾವ ಹಕ್ಕಿಯದು, ಸೊಂಟದ ಪಟ್ಟಿಯ ಕಸೂತಿ ಯಾವ ಕಡೆ ತಿರುಗಿರಬೇಕು, ಒಂದೂ ತಪ್ಪುತ್ತಿರಲಿಲ್ಲ. ಪಾದಗಳನ್ನು ಮಾತ್ರ ಎಲ್ಲಕ್ಕೂ ಒಂದೇ ತರಹ ಬರೆಯುತ್ತಿದ್ದ. ಇಪ್ಪತ್ತು ವರ್ಷ ಒಂದೇ ಜೊತೆ ಪಾದ, ನೆಟ್ಟಗೆ, ಹಲಗೆಯಲ್ಲಿ ಕೊಯ್ದ ಹಾಗೆ.

ಅದು ಬರದೆ ಅಲ್ಲ, ಬೇಕೆಂದೇ. ನಮ್ಮಲ್ಲಿ ಎಂಟು ಹತ್ತು ವರ್ಷಕ್ಕೆ ಮಕ್ಕಳಿಗೆ ದೀಕ್ಷೆ ಕೊಡುತ್ತಾರೆ. ಅಲ್ಲಿಯವರೆಗೆ ಕುಣಿಯುವವರು ಕಚೀನಗಳೇ, ಬೇರೆ ಯಾರೂ ಅಲ್ಲ. ಆ ಮುಖವಾಡದ ಒಳಗೆ ಊರಿನ ಗಂಡಸೊಬ್ಬ ಇದ್ದಾನೆಂದು ಯಾವ ಮಗುವಿಗೂ ಗೊತ್ತಾಗಬಾರದು. ಮುಖ ಮುಚ್ಚಿದರೆ ಮನುಷ್ಯ ಮರೆಯಾಗುತ್ತಾನೆ, ಆದರೆ ನಡಿಗೆ ಬಿಟ್ಟುಕೊಡುತ್ತದೆ. ಅದಕ್ಕೇ ಲೈಮನ್ ಯಾರ ಪಾದವನ್ನೂ ನೋಡಿ ಬರೆಯುವುದಿಲ್ಲ ಎಂದು ತನಗೆ ತಾನೇ ಕಟ್ಟು ಹಾಕಿಕೊಂಡಿದ್ದ.

ಅವನಿಗೆ ಅರವತ್ತಾಗುತ್ತ ಬಂದ ವರ್ಷ ಫ್ಲ್ಯಾಗ್‌ಸ್ಟಾಫ್ ಪಟ್ಟಣದಲ್ಲಿ ಚಿತ್ರಗಳ ಅಂಗಡಿ ಇಟ್ಟಿದ್ದ ಬಿಳಿಯ ಹೆಂಗಸೊಬ್ಬಳು ಅವನ ಚಿತ್ರಗಳನ್ನು ತಿರುವಿ ನೋಡಿದಳು. "ಇವರು ನಿಂತಿದ್ದಾರೆ, ಕುಣಿಯುತ್ತಿಲ್ಲ. ಕುಣಿಯುವ ಒಂದನ್ನು ತಂದುಕೊಡಿ, ಬೇಸಿಗೆಯ ಪ್ರದರ್ಶನದಲ್ಲಿ ನಡುವಿನ ಗೋಡೆಗೆ ಅದನ್ನೇ ಹಾಕುತ್ತೇನೆ," ಎಂದಳಂತೆ. ಮನೆಗೆ ಬಂದವನು ಟೋಪಿ ತೆಗೆಯದೆ ಕೂತ.

"ಏನಾಯ್ತೋ?" ಅಂದೆ.

"ಸಾಕಾಗಿದೆ ಅಕ್ಕ. ಮರದ ಕಾಲು ಬರೆದೂ ಬರೆದೂ ನಂಗೂ ಮರದ ಕೈ ಬಂದಿದೆ. ಸಾಯೋಕ್ಮುಂಚೆ ಒಂದಾದ್ರೂ ಕಂಡ ಹಾಗೆ ಬರೀತೀನಿ."

ಬೇಡ ಅನ್ನಬೇಕಿತ್ತು. ನಾನೂ ದಣಿದಿದ್ದೆ. ಎರಡು ತಿಂಗಳು ಅವನು ಒಂದೇ ಹಾಳೆಯ ಮೇಲೆ ಬಗ್ಗಿ ಕೂತ. ಉದ್ದಕೂದಲ ಕಚೀನಗಳು ಸಾಲಾಗಿ ಕುಣಿಯುವ ಚಿತ್ರ. ಮುಗಿಯುತ್ತ ಬಂದಾಗ ಒಮ್ಮೆ ನೋಡಿದೆ, ಕಾಲ ಕೆಳಗಿನ ಧೂಳು ಏಳುತ್ತಿತ್ತು, ಆಮೆಚಿಪ್ಪಿನ ಗಿಲಕಿ ಕಿವಿಗೆ ಕೇಳಿದಂತಾಯಿತು. ಅಷ್ಟು ಚೆನ್ನಾಗಿ ಯಾರೂ ಬರೆದದ್ದನ್ನು ನಾನು ಕಂಡಿಲ್ಲ. ನಾನೇ ಹೇಳುತ್ತಿದ್ದೇನೆ, ನಾನು ಅವನನ್ನು ಹೊಗಳುವವಳಲ್ಲ.

ಮಕ್ಕಳ ಕಾಲಸಪ್ಪಳ ಕೇಳಿದರೆ ಹಲಗೆಯನ್ನು ಗೋಡೆಗೆ ಮುಖ ಮಾಡಿ ಇಡುವುದು ಅವನ ಅಭ್ಯಾಸ. ಜೂನ್ ತಿಂಗಳ ಒಂದು ಮಧ್ಯಾಹ್ನ ಮರೆತ, ಇಲ್ಲವೇ ಕೇಳಿಸಲಿಲ್ಲ. ನನ್ನ ಮೊಮ್ಮಗಳು ಕುವನ್ಸಿ, ಆಗ ಆರು ವರ್ಷ, ಅವನ ಹೆಗಲ ಹಿಂದೆ ಬಂದು ನಿಂತಳು. ನಮ್ಮಲ್ಲಿ ಅಜ್ಜಿಯ ತಮ್ಮನನ್ನೂ ಮಾವ ಎಂದೇ ಕರೆಯುತ್ತಾರೆ.

"ಮಾವ, ಈ ಕಚೀನಕ್ಕೆ ಅಪ್ಪನ ಕಾಲು ಯಾಕಿದೆ?"

ನಾನು ನೀಲಿ ಮೆಕ್ಕೆಜೋಳದ ಹಿಟ್ಟು ಕಲಸುತ್ತಿದ್ದೆ. ಹಿಟ್ಟಿನ ಕೈಯಲ್ಲೇ ಎದ್ದು ಬಂದು ನೋಡಿದೆ. ಅವಳ ಅಪ್ಪ ಹಾರ್ಲನ್, ನನ್ನ ಅಳಿಯ, ನಮ್ಮ ಮನೆಯಲ್ಲೇ ಇರುವವನು. ಲಾರಿಯ ಜಾಕ್ ಜಾರಿ ಅವನ ಎಡಪಾದ ಮುರಿದಿತ್ತು. ಅಂದಿನಿಂದ ಅದು ಒಳಕ್ಕೆ ತಿರುಗಿ, ಹೊರಗಿನ ಅಂಚು ಮೊದಲು ಊರುತ್ತದೆ. ಸಾಲಿನ ಮೂರನೆಯ ಕಚೀನದ ಎಡಪಾದ ಹಾಗೇ ಊರಿತ್ತು. ಲೈಮನ್ ಕಂಡ ಹಾಗೆ ಬರೆದಿದ್ದ.

"ಹೋಗು, ನೀರು ಕುಡಿದು ಬಾ," ಎಂದಷ್ಟೇ ಅಂದ ಅವನು.

ಅವಳನ್ನು ಪಕ್ಕದ ಮನೆಗೆ ಕಳಿಸಿ ದೊಡ್ಡವರು ಕೂತೆವು. ನನ್ನ ಮಗಳು ವರ್ನ ಅಳುತ್ತಿದ್ದಳು. ಗೊತ್ತಾಗಿಹೋದ ಮಗುವನ್ನು ಸುಮ್ಮನೆ ಬಿಡುವಂತಿಲ್ಲ, ಬರುವ ಫೆಬ್ರವರಿಯಲ್ಲೇ ದೊಡ್ಡ ಮಕ್ಕಳ ಜೊತೆ ದೀಕ್ಷೆಗೆ ನಿಲ್ಲಿಸಬೇಕು, ಯಕ್ಕಾ ಗಿಡದ ಕತ್ತಿಯಂಥ ಎಲೆಯ ಚಾಟಿಗೆ ಒಡ್ಡಬೇಕು. ಏಟು ನಾಲ್ಕು ದಿನದಲ್ಲಿ ಮಾಯುತ್ತದೆ. ಆರು ವರ್ಷದವಳಿಂದ ಕಚೀನಗಳನ್ನು ಕಿತ್ತುಕೊಂಡರೆ ಅದಕ್ಕೆ ಮದ್ದಿಲ್ಲ. ಎರಡು ವಾರದಲ್ಲಿ ಜುಲೈ ಕುಣಿತ ಬೇರೆ, ಹಾರ್ಲನ್ ಅದರಲ್ಲಿ ಇರಬೇಕಾದವನು.

"ಊರಲ್ಲಿ ನನ್ನ ಕಾಲು ಬಿಟ್ರೆ ಬೇರೆ ಕಾಲೇ ಸಿಗ್ಲಿಲ್ವಾ ನಿಮ್ಗೆ?" ಅಂದ ಹಾರ್ಲನ್. ಸಿಟ್ಟಿಗಿಂತ ಸೋಲು ಹೆಚ್ಚಿತ್ತು ಆ ದನಿಯಲ್ಲಿ.

"ಚೆನ್ನಾಗಿ ಕುಣಿಯೋನು ನೀನೇ ಅಲ್ವೇನಪ್ಪ," ಅಂದ ಲೈಮನ್. ಆಮೇಲೆ ಹಲಗೆಯನ್ನು ಗೋಡೆಗೆ ತಿರುಗಿಸಿಟ್ಟ. "ಅವಳಿಗಿನ್ನೂ ಪೂರ್ತಿ ಗೊತ್ತಾಗಿಲ್ಲ. ಯಾಕೆ ಅಂತ ಕೇಳಿದಾಳೆ, ಅಷ್ಟೆ. ನಾನು ಹೇಳ್ತೀನಿ ಬಿಡಿ."

ಮರುದಿನ ಬೆಳಿಗ್ಗೆ ಅವಳನ್ನು ಹಲಗೆಯ ಪಕ್ಕ ಕೂರಿಸಿಕೊಂಡ.

"ನಿನ್ನೆ ಏನೋ ಕೇಳಿದ್ಯಲ್ಲ."

"ಅಪ್ಪನ ಕಾಲು."

"ಹೂಂ, ಅಪ್ಪಂದೇ. ನಂಗೆ ಪಾದ ಬರೆಯೋಕೆ ಬರಲ್ಲ ಕಣೆ. ಕಚೀನಗಳು ಬಂದಾಗ ಈ ಕಣ್ಣಿಗೆ ಸರಿಯಾಗಿ ಕಾಣೋದೂ ಇಲ್ಲ. ಅದಕ್ಕೆ ನಿಮ್ಮಪ್ಪ ಮನೇಲಿ ಓಡಾಡುವಾಗ ನೋಡಿ ಕದ್ದುಬಿಟ್ಟೆ."

"ಅದು ಕಾಪಿ ಹೊಡೆದ ಹಾಗೆ. ಟೀಚರ್ ಬೈತಾರೆ."

"ಬೈಯಲೇಬೇಕು. ಈಗ ನೀನೇ ಹೇಳಿಕೊಡು, ಅವರ ಪಾದ ಹೇಗಿರುತ್ತೆ?"

"ನೆಟ್ಟಗೆ. ಅವರಿಗೆ ಕುಂಟು ಇರಲ್ಲ ಮಾವ, ಅಷ್ಟೂ ಗೊತ್ತಿಲ್ವಾ?"

ಅವನು ಬ್ರಷ್ಷನ್ನು ನೀರಿಗದ್ದಿ ಆ ಪಾದವನ್ನು ತೊಳೆದ. ಬಣ್ಣ ಒದ್ದೆಯಾಗಿ ಹರಡಿ ಕಲೆಯಾಯಿತು. ಅದರ ಮೇಲೆ ದಪ್ಪಗೆ ಬಿಳಿ ಬಳಿದು, ಅವಳು ಬೆರಳಿಟ್ಟು ತೋರಿಸಿದ ಕಡೆ ಹಳೆಯ ಮರದ ಪಾದವನ್ನೇ ಬರೆದ. ಅದಾದ ಮೇಲೆ ಉಳಿದ ಪಾದಗಳನ್ನೂ ತಿದ್ದಿಸಿದಳು. "ಇದೂ ತಪ್ಪು, ಇದೂ ತಪ್ಪು," ಅನ್ನುತ್ತ ಸಾಲಿನ ಕೊನೆಯವರೆಗೆ ಹೋದಳು. ಅವನು ಒಂದಕ್ಕೂ ಎದುರಾಡಲಿಲ್ಲ. ನಾನು ನೋಡಲಾರದೆ ಸೌದೆ ತರುವ ನೆಪದಲ್ಲಿ ಹೊರಗೆ ಹೋದೆ.

ಆ ಜುಲೈನಲ್ಲಿ ಹಾರ್ಲನ್ ಕುಣಿಯಲಿಲ್ಲ. ಮಗಳ ಜೊತೆ ಮಾಳಿಗೆಯ ಮೇಲೆ ಎಲ್ಲರ ಕಣ್ಣಿಗೆ ಬೀಳುವಂತೆ ಕೂತು ಕಲ್ಲಂಗಡಿ ತಿಂದ. ಅವಳು ಕುಣಿಯುವವರ ಪಾದಗಳನ್ನೇ ಒಂದೊಂದಾಗಿ ನೋಡಿದಳು. ಯಾವುದೂ ಅಪ್ಪನದಲ್ಲ, ಅಪ್ಪ ಪಕ್ಕದಲ್ಲೇ ಇದ್ದಾನೆ. ಕೊನೆಗೆ ನನ್ನ ಕಡೆ ತಿರುಗಿ, "ನೋಡಜ್ಜಿ, ಮಾವನಿಗೆ ನಿಜವಾಗ್ಲೂ ಪಾದ ಬರೆಯೋಕೆ ಬರಲ್ಲ," ಎಂದಳು. ಮುಂದಿನ ವರ್ಷಗಳಲ್ಲಿ ಹಾರ್ಲನ್ ನಮ್ಮೂರಲ್ಲಿ ಕುಣಿಯದೆ, ಅವಳನ್ನು ಮನೆಯಲ್ಲೇ ಬಿಟ್ಟು ಬೇರೆ ಊರುಗಳಿಗೆ ಹೋಗಿ ಕುಣಿದು ಬಂದ.

ಫ್ಲ್ಯಾಗ್‌ಸ್ಟಾಫಿನವಳು ಚಿತ್ರವನ್ನು ವಾಪಸು ಕೊಟ್ಟಳು. ಮೇಲಿನದು ಯಾರೋ ದೊಡ್ಡ ಕಲಾವಿದ ಬರೆದದ್ದು, ಕೆಳಗಿನದು ಯಾವುದೋ ಮಗು ಬರೆದದ್ದು ಎಂದಳಂತೆ. ಲೈಮನ್ ನನಗೆ ಇದನ್ನು ಹೇಳುವಾಗ ನಕ್ಕ. ನನಗೆ ನಗು ಬರಲಿಲ್ಲ.

ಆಮೇಲೆ ಅವನು ಅಷ್ಟು ದೊಡ್ಡದೇನನ್ನೂ ಬರೆಯಲಿಲ್ಲ. ಅಂಗಡಿಗೆ ಬೇಕಾದ ಚಿಕ್ಕ ಹಾಳೆಗಳನ್ನು ತುಂಬಿಸಿಕೊಡುತ್ತಿದ್ದ. ಕುವನ್ಸಿ ಬಾಯಿ ಮುಚ್ಚುವವಳಲ್ಲ, ಮಾವನಿಗೆ ಪಾದ ಬರೆಯುವುದನ್ನು ತಾನೇ ಹೇಳಿಕೊಟ್ಟೆ ಎಂದು ಊರಿಗೆಲ್ಲ ಸಾರಿದಳು. ಹಾರ್ಲನನ ಅಕ್ಕಂದಿರಂತೂ ದಾರಿಯಲ್ಲಿ ಸಿಕ್ಕಾಗಲೆಲ್ಲ, "ಏನ್ ಚಿತ್ರಗಾರ್ರೇ, ಪಾಠ ಹೇಳೋ ಟೀಚರಮ್ಮ ಇವತ್ತು ರಜಾನಾ?" ಎಂದು ಕಾಡುತ್ತಿದ್ದರು. ನಿಜ ಗೊತ್ತಿದ್ದವರೂ ನಗಲೇಬೇಕಾಗಿತ್ತು, ಇಲ್ಲವಾದರೆ ಮಗುವಿಗೆ ಅನುಮಾನ ಬರುತ್ತದಲ್ಲ. ಅವನು ಟೋಪಿ ಮುಟ್ಟಿ ಮುಂದೆ ಹೋಗುತ್ತಿದ್ದ. ಸಂಜೆ ಬಂದು ನನ್ನ ಹತ್ತಿರ, "ಇನ್ನೆಷ್ಟು ವರ್ಷ ಇದೆ ಅಕ್ಕ ಅವಳ ದೀಕ್ಷೆಗೆ?" ಎಂದು ಕೇಳುತ್ತಿದ್ದ. ಮೂರು ಅಂದೆ. ಎರಡು ಅಂದೆ. ಬರುವ ಫೆಬ್ರವರಿ ಅಂದ ವರ್ಷದ ಅಕ್ಟೋಬರಿನಲ್ಲಿ, ಜೋಳ ಒಣಹಾಕುತ್ತಿದ್ದಾಗ, ಎದೆ ಹಿಡಿದುಕೊಂಡು ಕೂತ. ಮತ್ತೆ ಏಳಲಿಲ್ಲ. ಎಂಥ ಅವಸರ ಅವನಿಗೆ ಎಂದು ನಾನು ಅವನ ಹೆಣದ ಮುಂದೆಯೇ ಬೈದೆ.

ಮಾತಾಡಿಸಲು ಬಂದವರಿಗೆ ಕುವನ್ಸಿ ಗಂಭೀರವಾಗಿ, "ಮಾವನಿಗೆ ಚಿತ್ರ ಅಷ್ಟು ಬರ್ತಿರ್ಲಿಲ್ಲ, ಆದ್ರೆ ಒಳ್ಳೆಯವನು," ಎಂದಳು. ಹಾರ್ಲನ್ ಎದ್ದು ಹೊರಗೆ ಹೋದ.

ಫೆಬ್ರವರಿಯಲ್ಲಿ ಅವಳ ದೀಕ್ಷೆಯಾಯಿತು. ಏಟು ತಿಂದು, ಯಕ್ಕಾ ಬೇರಿನ ನೊರೆಯಲ್ಲಿ ತಲೆ ತೊಳೆಸಿಕೊಂಡು, ಹೊಸ ಹೆಸರು ಹೊತ್ತು ಮನೆಗೆ ಬಂದಳು. ನಾಲ್ಕು ದಿನ ಉಪ್ಪು ಮಾಂಸ ಮುಟ್ಟುವಂತಿಲ್ಲ. ಸಪ್ಪೆ ಅಂಬಲಿಯನ್ನು ಮುಂದಿಟ್ಟೆ. ತಿನ್ನಲಿಲ್ಲ. ಅಪ್ಪ ನೀರಿನ ಡಬ್ಬ ಹೊತ್ತು ಒಳಗೆ ಬಂದಾಗ ಅವನ ಎಡಗಾಲನ್ನೇ ನೋಡುತ್ತ ಕೂತಳು. ಅವನು ಹೋದ ಮೇಲೆ ಕೇಳಿದಳು.

"ಅಜ್ಜಿ, ಅವತ್ತು ಚಿತ್ರದಲ್ಲಿ ಆ ಕಾಲು ಸರಿಯಾಗೇ ಇತ್ತು ಅಲ್ವಾ?"

"ಸರಿಯಾಗೇ ಇತ್ತು."

"ನಾನು ಎಲ್ಲಾನೂ ಅಳಿಸಿಬಿಟ್ಟೆ."

ಇಲ್ಲ ಮಗಳೇ ಅನ್ನಬಹುದಿತ್ತು. ನಾಲ್ಕು ವರ್ಷ ಸುಳ್ಳು ಹೇಳಿ ನನಗೆ ಸಾಕಾಗಿತ್ತು.

"ಹೌದು," ಅಂದೆ. "ನೀನು ಹೇಳಿದ್ದಕ್ಕೇ ಅವನು ಅಳಿಸಿದ."