ಎಣ್ಣೆ ಹತ್ತಿದ ರುಜುಗಳು

ಈರುಳ್ಳಿ ಬೆರೆಸಿದ ಹಿಟ್ಟು ಕಾದ ಎಣ್ಣೆಗೆ ಬಿದ್ದ ವಾಸನೆ ಎಲ್ಲಿ ಬಂದರೂ ನನಗೆ ಮೊದಲು ನೆನಪಾಗುವುದು ತಿಂಡಿಯಲ್ಲ, ಪುಸ್ತಕ. ನಿಮಗೆ ನಗು ಬರಬಹುದು. ಆದರೆ ನಮ್ಮ ಪುಟ್ಟಸ್ವಾಮಿ ಚಿಕ್ಕಪ್ಪನ ಪುಸ್ತಕಗಳಿಗೆ ಇದ್ದದ್ದೇ ಆ ವಾಸನೆ. ಪತ್ರಿಕೆಗಳಿಗೆ ವ್ಯಂಗ್ಯಚಿತ್ರ ಬರೆಯುವವರು ಬೆಂಗಳೂರು ಮೈಸೂರಿನ ನಡುವೆ ರೈಲಿನಲ್ಲಿ ಓಡಾಡುತ್ತಾರೆ ಎಂದು ಯಾರಾದರೂ ಸುದ್ದಿ ಕೊಟ್ಟರೆ ಸಾಕು, ಚಿಕ್ಕಪ್ಪ ಮದ್ದೂರು ಸ್ಟೇಷನ್ನಿನಲ್ಲಿ ಕಾದು ನಿಲ್ಲುತ್ತಿದ್ದ. ರೈಲು ನಿಂತ ತಕ್ಷಣ ಡಬ್ಬಿಯಿಂದ ಡಬ್ಬಿಗೆ ಓಡಿ, ಆಳನ್ನು ಪತ್ತೆ ಮಾಡಿ, ಕಿಟಕಿಯೊಳಗೆ ಮೊದಲು ವಡೆಯ ಎಲೆ ಪೊಟ್ಟಣ, ಅದರ ಹಿಂದೆಯೇ ಅವರ ಚಿತ್ರಗಳನ್ನು ಅಂಟಿಸಿದ ಪುಸ್ತಕ. ಬಿಸಿ ವಡೆ ಮುರಿದ ಬೆರಳಲ್ಲೇ ಅವರು ರುಜು ಹಾಕುತ್ತಿದ್ದರು. ಮಸಿ ಒಂದು ಕಡೆ ಹರಡಿದರೆ ಎಣ್ಣೆ ಇನ್ನೊಂದು ಕಡೆ ಹರಡುತ್ತಿತ್ತು. ಒಬ್ಬರಂತೂ ರೈಲು ಹೊರಟರೂ ಬಿಡದೆ, ಕಿಟಕಿಯ ಜೊತೆಗೇ ಓಡುತ್ತಿದ್ದ ಚಿಕ್ಕಪ್ಪನ ಮುಖವನ್ನು ಖಾಲಿ ಹಾಳೆಯಲ್ಲಿ ಗೀಚಿ ಎಸೆದಿದ್ದರು. ಮೊರದಗಲ ಕಿವಿ, ನಡುವೆ ಹಲ್ಲು ಮಾತ್ರ. ಅವತ್ತು ಅವನು ಪ್ಲಾಟ್‌ಫಾರಂ ಮುಗಿದದ್ದು ಕಾಣದೆ ಜಲ್ಲಿಯ ಮೇಲೆ ಬಿದ್ದು, ಮೊಣಕಾಲಿನಲ್ಲಿ ರಕ್ತ ಸುರಿಸಿಕೊಂಡು ನಗುತ್ತಾ ಮನೆಗೆ ಬಂದಿದ್ದ.

ಹಗಲು ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಕ ಬರೆಯುವ ಕೆಲಸ ಅವನದು. ಸಂಜೆಯಾದರೆ ಹಳೆಯ ಪತ್ರಿಕೆಗಳಿಂದ ಚಿತ್ರ ಕತ್ತರಿಸಿ, ಮೈದಾ ಗೋಂದು ಕಲಸಿ, ಅಂಟಿಸಿ, ತಾನೇ ಹೊಲಿದು ಪುಸ್ತಕ ಕಟ್ಟುತ್ತಿದ್ದ. ಚಿತ್ರಗಾರರು ಬಿಸಾಡಿದ ಮೊಂಡು ಪೆನ್ಸಿಲು, ಮುರಿದ ನಿಬ್ಬು ಕೂಡ ಅವನ ತಗಡಿನ ಟ್ರಂಕಿನಲ್ಲಿ ಬಟ್ಟೆ ಸುತ್ತಿಕೊಂಡು ಮಲಗಿದ್ದವು. ಅಜ್ಜಿಗೆ ಇದೆಲ್ಲ ಅರ್ಥವಾಗುತ್ತಿರಲಿಲ್ಲ. ಅವಳಿಗೆ ರುಜು ಎಂದರೆ ಭಯ. ಆತಗೂರಿನ ಕಡೆ ನಮ್ಮ ತಾತನಿಗಿದ್ದ ಹೊಲ ಒಂದೊಂದಾಗಿ ಕೈಬಿಟ್ಟದ್ದು ರುಜು ಹಾಕಿಯೇ. “ರುಜು ಆಕುಸ್ಕೊಂಡ್ಯಲ್ಲಾ, ಅದುಕ್ಕೆ ಒಲ ಬಂತಾ, ಗದ್ದೆ ಬಂತಾ?” ಎಂದು ಕೇಳುತ್ತಿದ್ದಳು. “ನಗ್ಸೋರು ರುಜು ಆಕುದ್ರೆ ಯಾರ ಆಸ್ತೀನೂ ಓಗಕಿಲ್ಲ ಕಣವ್ವ” ಎನ್ನುತ್ತಿದ್ದ ಚಿಕ್ಕಪ್ಪ.

ಅಪ್ಪನ ವಿಷಯ ಹೇಳಲೇಬೇಕು. ನಮ್ಮ ವಂಶದಲ್ಲಿ ನೇಗಿಲು ಬಿಟ್ಟು ಕುರ್ಚಿಯ ಮೇಲೆ ಕುಳಿತ ಮೊದಲ ಮನುಷ್ಯ ಅವನು, ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರ. ಕಚೇರಿಯಲ್ಲಿ ಬಗ್ಗಿಸಿದ ಕತ್ತನ್ನು ಮನೆಗೆ ಬಂದು ನೆಟ್ಟಗೆ ಮಾಡುತ್ತಿದ್ದ. ಸಾರಿಗೆ ಉಪ್ಪು ಕಮ್ಮಿಯಾದರೆ ಅವ್ವನ ಕೆನ್ನೆಗೆ, ಲೆಕ್ಕ ತಪ್ಪಿದರೆ ನನ್ನ ಬೆನ್ನಿಗೆ, ಎತ್ತು ಮೊಂಡು ಹಿಡಿದರೆ ಎತ್ತಿಗೆ. ಬಾರುಕೋಲು ಬಾಗಿಲ ಹಿಂದೆಯೇ ಇರುತ್ತಿತ್ತು. ನಾನು ಅವನನ್ನು ದ್ವೇಷಿಸುತ್ತಿದ್ದೆ, ಈಗ ಮುಚ್ಚಿಟ್ಟು ಏನು ಪ್ರಯೋಜನ. ಆದರೆ ಇದೇ ಅಪ್ಪ ಯುದ್ಧದ ಕಾಲದಲ್ಲಿ ತಮ್ಮನ ಪಕ್ಕದಲ್ಲಿ ಚಾಪೆಯ ಮೇಲೆ ಕುಳಿತು, ಬಿಳೀ ದೊರೆಗಳನ್ನು ಗೇಲಿ ಮಾಡಿದ ಚಿತ್ರಗಳನ್ನು ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದ. ನಗು ತಡೆಯಲಾರದೆ ಚಿಕ್ಕಪ್ಪನ ಬೆನ್ನಿಗೆ ಗುದ್ದುತ್ತಿದ್ದ. ಅಪ್ಪನ ಕೈ ಪ್ರೀತಿಯಿಂದ ಬಿದ್ದದ್ದನ್ನು ನಾನು ಕಂಡದ್ದು ಆ ಬೆನ್ನಿನ ಮೇಲೆ ಮಾತ್ರ.

ದಿಲ್ಲಿಯಲ್ಲಿ ಬಾವುಟ ಏರಿದ ವರ್ಷ ನಮ್ಮ ಮೈಸೂರು ಸೀಮೆಯಲ್ಲಿ ಗಲಾಟೆ ನಿಲ್ಲಲಿಲ್ಲ. ದಿವಾನರ ಆಳ್ವಿಕೆ ಸಾಕು, ನಾವು ಆರಿಸಿದವರ ಜವಾಬ್ದಾರಿ ಸರ್ಕಾರ ಬೇಕೆಂದು ಜನ ಬೀದಿಗೆ ಇಳಿದಿದ್ದರು. ಪೇಟ ಸುತ್ತಿದ ದೊಡ್ಡ ಅಧಿಕಾರಿಯೊಬ್ಬ ರೈತನ ಹೆಗಲೇರಿ ಕೂತು ಅವನಿಗೇ ಬಾರುಕೋಲು ಬೀಸುತ್ತಿರುವ ಚಿತ್ರ ಒಂದು ಪತ್ರಿಕೆಯಲ್ಲಿ ಬಂತು. ಚಿಕ್ಕಪ್ಪ ಅದಕ್ಕೆ ರೈಲಿನ ಕಿಟಕಿಯಲ್ಲಿ ರುಜು ಹಾಕಿಸಿಕೊಂಡು ಬಂದವನು ಪುಸ್ತಕದೊಳಗೆ ಇಡಲಿಲ್ಲ, ನಮ್ಮ ಜಗುಲಿಯ ಗೋಡೆಗೆ ಅಂಟಿಸಿದ. ಸಂತೆಗೆ ಬಂದವರೆಲ್ಲ ಜಗುಲಿ ಹತ್ತಿ ನೋಡಿ ನಕ್ಕು ಹೋದರು. ಸುದ್ದಿ ಅಪ್ಪನ ಮೇಲಧಿಕಾರಿ ಅಮಲ್ದಾರರ ಕಿವಿಗೆ ಬಿತ್ತು. ಎಲ್ಲರೆದುರು ಅವರು ಅಪ್ಪನಿಗೆ, “ಮೊದಲು ನಿಮ್ಮ ಮನೆ ಗೋಡೆ ನೋಡ್ಕೊಂಡು ಬನ್ನಿ, ಕೆಲಸದ ಮಾತು ಆಮೇಲೆ” ಎಂದರಂತೆ.

ಅಪ್ಪ ನಡುಹಗಲಲ್ಲೇ ಮನೆಗೆ ಬಂದ. ಅವ್ವ ಆಗಷ್ಟೇ ನಡುಮನೆಯನ್ನು ಸಗಣಿಯಲ್ಲಿ ಸಾರಿಸಿದ್ದಳು, ನೆಲ ಇನ್ನೂ ಹಸಿ. ಅಪ್ಪ ಗೋಡೆಯ ಚಿತ್ರವನ್ನು ಉಗುರಲ್ಲಿ ಕೆರೆದು ಕಿತ್ತ. ಟ್ರಂಕನ್ನು ಎತ್ತಿ ನೆಲಕ್ಕೆ ಅಪ್ಪಳಿಸಿದ. ನೀರೊಲೆ ಉರಿಯುತ್ತಿತ್ತು, ಕೈಗೆ ಸಿಕ್ಕ ಪುಸ್ತಕವನ್ನು ಸಿಕ್ಕಹಾಗೆ ಅದಕ್ಕೆ ತುರುಕಿದ. ಅವತ್ತು ಕಾರ್ಖಾನೆಗೆ ರಜೆ ಹಾಕಿ ಮನೆಯಲ್ಲಿದ್ದ ಚಿಕ್ಕಪ್ಪ ಅಡ್ಡ ಬಂದ, ಅವನಿಗೆ ಬಾರುಕೋಲಿನ ಏಟು ಬಿತ್ತು. ಮುಖ ಸೀಳಿತು, ತುಟಿ ಒಡೆಯಿತು. “ಅಪ್ಪ ನೇಗ್ಲು ಇಡ್ದು ನನ್ನ ಓದ್ಸಿದ್ದು ನೀನು ನನ್ ಅನ್ನಕ್ಕೆ ಮಣ್ಣಾಕ್ಲಿ ಅಂತೇನ್ಲಾ?” ಎಂದು ಕೂಗುತ್ತಾ, ಕೆಳಗೆ ಬಿದ್ದವನ ಪಕ್ಕೆಗೆ ಒದ್ದ. ಮತ್ತೆ ಒದ್ದ. ಹಾಗೆ ಒದ್ದು ಹಿಂದಕ್ಕೆ ಇಟ್ಟ ಕಾಲು, ತೆರೆದು ಬಿದ್ದಿದ್ದ ಒಂದು ಪುಸ್ತಕದ ಖಾಲಿ ಹಾಳೆಯ ಮೇಲೆ ಊರಿತು.

ಆಗ ನಡೆದದ್ದನ್ನು ನಾನು ಸಾಯುವ ತನಕ ಮರೆಯಲಾರೆ. ಓದುವ ಕಾಗದಕ್ಕೆ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕೆಂದು ನಮಗೆಲ್ಲ ನಡೆಯಲು ಕಲಿಯುವಾಗಲೇ ಕಲಿಸಿರುತ್ತಾರಲ್ಲ. ಅಷ್ಟು ಸಿಟ್ಟಿನ ನಡುವೆ, ಏದುಸಿರು ಬಿಡುತ್ತಾ, ಅಪ್ಪ ಬಗ್ಗಿ ಆ ಪುಸ್ತಕವನ್ನು ಬೆರಳಲ್ಲಿ ಮುಟ್ಟಿ ಎರಡೂ ಕಣ್ಣಿಗೆ ಒತ್ತಿಕೊಂಡ. ತಾನು ಏನು ಮಾಡುತ್ತಿದ್ದೇನೆಂದು ಅವನಿಗೇ ಗೊತ್ತಿರಲಿಲ್ಲ. ನೆಲದಲ್ಲಿ ಬಿದ್ದಿದ್ದ ಚಿಕ್ಕಪ್ಪ ಅದನ್ನು ನೋಡಿ, ರಕ್ತದ ಬಾಯಲ್ಲೇ ಮೆಲ್ಲಗೆ ಹೇಳಿದ, “ಅಣ್ಣಯ್ಯ, ಕಾಲು ನಂಗೂ ತಗುಲ್ತು ಕಣಣ್ಣಯ್ಯ.”

ಅಪ್ಪನ ಕೈಯಿಂದ ಬಾರುಕೋಲು ಜಾರಿತು. ಅವನು ಹಿತ್ತಲಿಗೆ ಹೋದ. ಆ ಗದ್ದಲದಲ್ಲಿ ನಾನು ಆ ಒಂದು ಪುಸ್ತಕವನ್ನು ಲಂಗದೊಳಗೆ ಸುತ್ತಿಕೊಂಡು ಹೋಗಿ ರಾಗಿ ತುಂಬಿದ ಮಣ್ಣಿನ ವಾಡೆಯೊಳಗೆ ಹುಗಿದೆ. ಉಳಿದವೆಲ್ಲ ಒಲೆಯಲ್ಲಿ ಉರಿದವು. ಎಣ್ಣೆ ಹೀರಿದ ಹಾಳೆಗಳು, ಬೇಗ ಹತ್ತಿಕೊಂಡವು. ಮನೆಯೆಲ್ಲ ವಡೆ ಕರಿದ ಹಾಗೆ ವಾಸನೆ. ಚಿಕ್ಕಪ್ಪ ಮುಖ ತೊಳೆದುಕೊಂಡು, ಹರಿದ ಅಂಗಿಯಲ್ಲೇ ಹೊರಟುಹೋದ. ಅಜ್ಜಿ ಬೀದಿಯ ತನಕ ಅಳುತ್ತಾ ಓಡಿದಳು.

ಆಮೇಲೆ ಅವನು ಮನೆಗೆ ಬಂದದ್ದು ಎತ್ತಿನ ಗಾಡಿಯಲ್ಲಿ, ಹುಲ್ಲಿನ ಮೇಲೆ ಮಲಗಿ. ಜವಾಬ್ದಾರಿ ಸರ್ಕಾರಕ್ಕಾಗಿ ಮಳವಳ್ಳಿಯಲ್ಲಿ ಹೊರಟ ಮೆರವಣಿಗೆಯ ಮೇಲೆ ಪೊಲೀಸರು ಲಾಠಿ ಬೀಸಿದ್ದರು, ಅವನ ತಲೆ ಒಡೆದಿತ್ತು. “ಮಳವಳ್ಳಿ ಬುಟ್ಟಾಗ ಉಸ್ರಿತ್ತು ಕಣವ್ವ. ದಾರೀಲಿ ನೀರು ಕೇಳುದ್ರು. ಆಮ್ಯಾಕೆ ಕೇಳ್ನಿಲ್ಲ” ಎಂದ ಗಾಡಿಯವನು. ಅಂಗಳದಲ್ಲಿ ಮಲಗಿಸಿದರು. ಅಷ್ಟು ನಗುತ್ತಿದ್ದ ಮುಖ ಊದಿ, ಯಾರದೋ ಮುಖವಾಗಿತ್ತು. ಕಿವಿಯಿಂದಲೇ ನಾನು ಗುರುತು ಹಿಡಿದೆ. ಅಪ್ಪ ಬಂದು ದೂರ ನಿಂತ. “ಮುಟ್ಲಾ, ಒಂದ್ಸಲ ಮುಟ್ಬುಡ್ಲಾ” ಎಂದು ಅಜ್ಜಿ ಎದೆ ಬಡಿದುಕೊಂಡಳು. ಅವನ ಕೈ ಅರ್ಧ ಬಂದು ನಿಂತಿತು. ಮುಟ್ಟಲಿಲ್ಲ. ಮುಟ್ಟದೆಯೇ ಕಳಿಸಿದ.

ತಿಥಿ ಮುಗಿದ ಮರುದಿನ ಅವನು ಜಗುಲಿಯಲ್ಲಿ ಕಚೇರಿಯ ಕಾಗದ ಹರಡಿಕೊಂಡು ಕುಳಿತಿದ್ದ. ನನಗೆ ಮೈಯೆಲ್ಲ ಉರಿಯಿತು. ವಾಡೆಯಿಂದ ಪುಸ್ತಕ ತೆಗೆದು, ರಾಗಿ ಕೊಡವಿ, ಆ ಹಾಳೆ ತೆರೆದು ಅವನ ಮುಂದೆ ಎಸೆದೆ. “ನಿನ್ ಕಾಲು ನೋಡಪ್ಪ!” ಏಟು ಬೀಳುತ್ತದೆಂದು ಹಲ್ಲು ಕಚ್ಚಿ ನಿಂತೆ. ಬೀಳಲಿಲ್ಲ. ಸಗಣಿಯಲ್ಲಿ ಅಚ್ಚಾಗಿದ್ದ ತನ್ನ ಪಾದವನ್ನು, ಐದೂ ಬೆರಳನ್ನು, ಅವನು ಬಹಳ ಹೊತ್ತು ನೋಡಿದ. ಆಮೇಲೆ ಪೆನ್ನು ಮಸಿಗೆ ಅದ್ದಿ, ಹಿಮ್ಮಡಿಯ ಕೆಳಗೆ, ಕಚೇರಿಯಲ್ಲಿ ಹಾಕುವಂತೆಯೇ ಪೂರ್ತಿ ರುಜು ಹಾಕಿದ. ಹಾಕಿದ ಮೇಲೆ ಮಸಿ ಒಣಗಲು ಊದಿದ. “ಮಡೀಕೋ ಮಗ, ಕಳೀಬ್ಯಾಡ” ಎಂದ. ಅವತ್ತಿನಿಂದ ನಮ್ಮ ಮನೆಯಲ್ಲಿ ಯಾರ ಮೇಲೂ ಆ ಕೈ ಏಳಲಿಲ್ಲ. ನಾನು ಅವನನ್ನು ಕ್ಷಮಿಸಿದೆನೋ ಇಲ್ಲವೋ, ಇಂದಿಗೂ ನನಗೆ ತಿಳಿಯದು.

ಆ ಮನೆಯಿಲ್ಲ, ಜಗುಲಿಯಿಲ್ಲ, ಅವರು ಯಾರೂ ಇಲ್ಲ. ಹಳೆಯ ವ್ಯಂಗ್ಯಚಿತ್ರಗಳನ್ನು ಕೂಡಿಡುವ ಹುಚ್ಚಿನವರೊಬ್ಬರು ಈಚೆಗೆ ಪುಸ್ತಕ ನೋಡಲು ಬಂದಿದ್ದರು. ಎಣ್ಣೆ ಹತ್ತಿದ ಒಂದೊಂದು ರುಜುವನ್ನೂ ಗುರುತಿಸಿ, ಚಿತ್ರಗಾರರ ಹೆಸರು ಹೇಳುತ್ತಾ ಹೋದರು. ಪಾದದ ಅಚ್ಚಿದ್ದ ಕೊನೆಯ ಹಾಳೆಗೆ ಬಂದು ತಡೆದರು.

“ಇದು ಯಾರಮ್ಮ? ಈ ರುಜು ನಾನು ಎಲ್ಲೂ ನೋಡಿಲ್ಲ.”

“ನಮ್ಮಪ್ಪ” ಎಂದೆ. “ಅವನು ಬರೆದದ್ದು ಇದೊಂದೇ.”